ದೇಶದ ಲೆಕ್ಕದಲ್ಲಿ ನಮ್ಮ ಬತ್ತಿದ ಬೋರ್ ಎಲ್ಲಿದೆ?

2023ರ ಆಗಸ್ಟ್ ತಿಂಗಳನ್ನು ಬಯಲುಸೀಮೆಯ ಯಾವ ರೈತರೂ ಮರೆತಿಲ್ಲ. ಜುಲೈ ಕೊನೆಯ ಮಳೆ ನಂಬಿ ಬಿತ್ತಿದ್ದೆವು. ಆಮೇಲೆ ತಿಂಗಳಿಡೀ ಮೋಡ ಬಂತು, ಹೋಯಿತು. 1901ರಿಂದ ಈಚೆಗೆ ದೇಶದಲ್ಲಿ ಇಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇನ್ನೊಂದಿಲ್ಲ ಎಂದು ಹವಾಮಾನ ಇಲಾಖೆ ಹೇಳಿತು.

ಇದನ್ನು ಬರೆಯುತ್ತಿರುವ ನಮ್ಮಲ್ಲಿ ಒಬ್ಬರ ಮನೆ ಚಳ್ಳಕೆರೆ ಕಡೆ. ನಾಲ್ಕು ಎಕರೆ ಖುಷ್ಕಿ ಜಮೀನು, ಶೇಂಗಾ ಬೆಳೆ. ಗಿಡ ಹೂವಿಗೆ ಬಂದ ಹೊತ್ತಿಗೆ ಭೂಮಿಯಲ್ಲಿ ತೇವ ಇರಲಿಲ್ಲ. ಕಿತ್ತು ನೋಡಿದರೆ ಬುಡದಲ್ಲಿ ಜೊಳ್ಳು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆಸಿದ ಕೂಲಿ ಎಲ್ಲ ಮಣ್ಣಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಒಂದೆರಡು ಹನಿ ಬಿತ್ತೆಂದು ಮತ್ತೆ ಹುರುಳಿ ಚೆಲ್ಲಿದರು. ದನಕ್ಕೆ ಮೇವು ಕೊಂಡರು. ಮನೆ ಹತ್ತಿರದ ಬೋರ್ ನಿಂತಿತು, ಇನ್ನೊಂದು ಕೊರೆಸಿದರು, ಧೂಳು ಬಂತು. ಆ ಬೋರಿಗೆ ತಂದ ಸಾಲ ನೂರಕ್ಕೆ ಮೂರು ರೂಪಾಯಿ ಬಡ್ಡಿಯದು. ಕೊನೆಗೆ ಒಂದು ಹಸು ಸಂತೆಗೆ ಹೋಯಿತು. ಎಲ್ಲರೂ ಮಾರುವ ಹೊತ್ತಿನಲ್ಲಿ ಮಾರಿದ ಹಸುವಿಗೆ ಎಷ್ಟು ಬೆಲೆ ಬಂದೀತು ಎಂದು ನಿಮಗೇ ಗೊತ್ತು.

ಈ ಖರ್ಚಿಗೆ ದೊಡ್ಡವರ ಭಾಷೆಯಲ್ಲಿ ಒಂದು ಹೆಸರಿದೆ. ಹವಾಮಾನ ಬದಲಾದಾಗ ಅದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಳ್ಳಲು ಆಗುವ ಖರ್ಚನ್ನು ಅವರು ‘ಹೊಂದಾಣಿಕೆ ವೆಚ್ಚ’ ಅನ್ನುತ್ತಾರೆ. ಇಡೀ ದೇಶಕ್ಕೆ ಅದು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಧೂಳು ಬಂದ ಬೋರ್ ಇಲ್ಲ, ಮಾರಿದ ಹಸು ಇಲ್ಲ, ನೂರಕ್ಕೆ ಮೂರರ ಬಡ್ಡಿಯೂ ಇಲ್ಲ. ನಮ್ಮ ತಕರಾರು ಇದೇ.

ಮೊದಲು ಅವರ ಲೆಕ್ಕ ನೋಡೋಣ

ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2014ರಲ್ಲಿ ದಕ್ಷಿಣ ಏಷ್ಯಾದ ದೇಶಗಳ ಲೆಕ್ಕ ಹಾಕಿತು. ಜಗತ್ತು ಈಗಿನ ದಾರಿಯಲ್ಲೇ ಹೋದರೆ ಭಾರತಕ್ಕೆ 2050ರ ಹೊತ್ತಿಗೆ ವರ್ಷಕ್ಕೆ ಜಿಡಿಪಿಯ ಶೇಕಡಾ 1.8ರಷ್ಟು, 2100ರ ಹೊತ್ತಿಗೆ ಶೇಕಡಾ 8.7ರಷ್ಟು ನಷ್ಟ ಎಂದಿತು. 2017-18ರ ಕೇಂದ್ರದ ಆರ್ಥಿಕ ಸಮೀಕ್ಷೆ ಇನ್ನೂ ಹತ್ತಿರ ಬಂತು: ರೈತರ ಆದಾಯ ಸರಾಸರಿ ಶೇಕಡಾ 15ರಿಂದ 18 ಕುಸಿಯಬಹುದು, ನೀರಾವರಿ ಇಲ್ಲದ ಕಡೆ ಶೇಕಡಾ 20ರಿಂದ 25. ಖುಷ್ಕಿ ಜಮೀನಿನವರು ಈ ಸಾಲನ್ನು ಎರಡು ಸಲ ಓದಬೇಕು. ನಾಲ್ಕರಲ್ಲಿ ಒಂದು ಪಾಲು ಆದಾಯ ಹೋಗಬಹುದು ಎಂದು ಸರ್ಕಾರವೇ ಬರೆದುಕೊಟ್ಟಿದೆ.

2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಒಂದು ವರದಿ ತಂದಿತು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು 2030ರೊಳಗೆ ದೇಶಕ್ಕೆ ಒಟ್ಟು 85.6 ಲಕ್ಷ ಕೋಟಿ ರೂಪಾಯಿ ಬೇಕು, ಅದೂ 2011-12ರ ಬೆಲೆಯಲ್ಲಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಸುಮಾರು 61 ಸಾವಿರ. ಐದು ಜನರ ಮನೆಗೆ ಮೂರು ಲಕ್ಷ.

ಇತ್ತ ಕೇಂದ್ರ ಸರ್ಕಾರದ ಮಾತು ಬೇರೆ. ಹೊಂದಾಣಿಕೆಗೆ ಸಂಬಂಧಿಸಿದ ಖರ್ಚು 2015-16ರಲ್ಲಿ ಜಿಡಿಪಿಯ ಶೇಕಡಾ 3.7 ಇತ್ತು, 2021-22ಕ್ಕೆ ಅದು ಶೇಕಡಾ 5.6ಕ್ಕೆ ಏರಿದೆ ಎಂದು ವಿಶ್ವಸಂಸ್ಥೆಗೆ ತಿಳಿಸಿದೆ. ಕೇಳಲು ಚೆನ್ನಾಗಿದೆ. ಆದರೆ ‘ಸಂಬಂಧಿಸಿದ’ ಅನ್ನುವ ಮಾತು ತುಂಬ ಅಗಲವಾದ ಚೀಲ. ಮೊದಲಿಂದ ನಡೆಯುತ್ತಿದ್ದ ಯೋಜನೆಗಳೂ ಅದರೊಳಗೆ ಹಿಡಿಸುತ್ತವೆ. ಇದಕ್ಕೆಂದೇ 2015ರಲ್ಲಿ ಶುರು ಮಾಡಿದ ‘ರಾಷ್ಟ್ರೀಯ ಹವಾಮಾನ ಬದಲಾವಣೆ ಹೊಂದಾಣಿಕೆ ನಿಧಿ’ಯ ಗತಿ ನೋಡಿ: ಇಡೀ ದೇಶಕ್ಕೆ ಮಂಜೂರಾದದ್ದು 30 ಯೋಜನೆ, ಒಟ್ಟು ಸುಮಾರು 847 ಕೋಟಿ ರೂಪಾಯಿ. 2022ರ ನವೆಂಬರಿನಲ್ಲಿ ಅದು ಯೋಜನೆಯ ಪಟ್ಟಿಯಿಂದಲೇ ಹೊರಗೆ ಹೋಯಿತು. ಬೇಕಾದದ್ದು ಲಕ್ಷ ಕೋಟಿಗಳಲ್ಲಿ, ಹೆಸರಿಟ್ಟು ಕೊಟ್ಟದ್ದು ನೂರು ಕೋಟಿಗಳಲ್ಲಿ.

ರೂಪಾಯಿಗೆ ಹತ್ತು ಪೈಸೆ

ಈಗ ನಮ್ಮ ರಾಜ್ಯದ ಕಥೆಗೆ ಬನ್ನಿ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತು. 48 ಲಕ್ಷ ಹೆಕ್ಟೇರಿಗೂ ಹೆಚ್ಚು ಬೆಳೆ ಹಾಳಾಯಿತು. ನಷ್ಟ 35,162 ಕೋಟಿ ರೂಪಾಯಿ ಎಂದು ರಾಜ್ಯ ಸರ್ಕಾರ ಅಂದಾಜಿಸಿತು. ಆದರೆ ನಿಯಮದ ಪ್ರಕಾರ ಬೆಳೆ ಹಾನಿಗೆ ಕೇಳಬಹುದಾಗಿದ್ದು 4,663 ಕೋಟಿ ಮಾತ್ರ. ರೂಪಾಯಿ ನಷ್ಟಕ್ಕೆ 13 ಪೈಸೆ. ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವು, ಕುಡಿಯುವ ನೀರು, ಜಾನುವಾರು ಎಲ್ಲ ಸೇರಿಸಿ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಒಟ್ಟು ನಷ್ಟದ ಲೆಕ್ಕಕ್ಕೆ ರೂಪಾಯಿಗೆ ಹತ್ತು ಪೈಸೆಯೂ ಆಗಲಿಲ್ಲ.

ಕೇಂದ್ರ ಸರಿ, ರಾಜ್ಯ ತಪ್ಪು, ಅಥವಾ ರಾಜ್ಯ ಸರಿ, ಕೇಂದ್ರ ತಪ್ಪು ಎಂದು ಟಿವಿಯಲ್ಲಿ ಸಾಕಷ್ಟು ಜಗಳ ನೋಡಿದ್ದೇವೆ. ಆ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಉಳಿದ ತೊಂಬತ್ತು ಪೈಸೆ ಯಾರು ಕಟ್ಟಿದರು?

ನಾವು ಕಟ್ಟಿದೆವು. ಹಸು ಮಾರಿ ಕಟ್ಟಿದೆವು, ಓಲೆ ಅಡವಿಟ್ಟು ಕಟ್ಟಿದೆವು, ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ ಹೊತ್ತು ಕಟ್ಟಿದೆವು.

ನಿಯಮ ಹೇಗಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ದರದಲ್ಲಿ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಶೇಕಡಾ 33ಕ್ಕಿಂತ ಕಡಿಮೆ ಹಾನಿಯಾದರೆ ಏನೂ ಇಲ್ಲ. ಎರಡು ಹೆಕ್ಟೇರ್ ಮೀರಿದರೆ ಮುಂದಿನದಕ್ಕೆ ಇಲ್ಲ. ಹೆಕ್ಟೇರ್ ಅಂದರೆ ಹತ್ತಿರಹತ್ತಿರ ಎರಡೂವರೆ ಎಕರೆ. ಅಂದರೆ ಖುಷ್ಕಿ ಎಕರೆಗೆ ಸುಮಾರು 3,440 ರೂಪಾಯಿ, ಗುಂಟೆಗೆ 86 ರೂಪಾಯಿ. ಚಳ್ಳಕೆರೆಯ ಆ ನಾಲ್ಕು ಎಕರೆಗೆ 13,760ರ ಆಸುಪಾಸು. ಒಂದು ಬೋರ್ ಕೊರೆಸಲು ಅದರ ಎಷ್ಟು ಪಟ್ಟು ಬೇಕು ಎಂದು ರಿಗ್ ಲಾರಿಯವರನ್ನು ಕೇಳಿ.

ಇದು ನಷ್ಟ ತುಂಬಿಕೊಡುವ ಪರಿಹಾರ ಅಲ್ಲ, ತಕ್ಷಣದ ನೆರವು ಎಂದು ಅಧಿಕಾರಿಗಳು ಹೇಳುತ್ತಾರೆ. ಆಗಲಿ. ಸೆಪ್ಟೆಂಬರಿನಲ್ಲಿ ಬರ ಘೋಷಿಸಿ ಏಪ್ರಿಲಿನಲ್ಲಿ ಬರುವ ಹಣ ಯಾವ ಬಗೆಯ ತಕ್ಷಣ? ನಡುವೆ ರಾಜ್ಯ ಕೊಟ್ಟ ಮೊದಲ ಕಂತು 2,000 ರೂಪಾಯಿವರೆಗೆ. ಏಳು ತಿಂಗಳು ಕಾಯುವಾಗ ಓಡಿದ ಬಡ್ಡಿಯನ್ನು ಯಾವ ಖಾತೆಗೆ ಬರೆಯಬೇಕು?

ನಾವು ಸೋತರೂ ಬೆಳೆಯುವ ಜಿಡಿಪಿ

ದೇಶದ ನಷ್ಟವನ್ನು ಜಿಡಿಪಿಯಲ್ಲಿ ಅಳೆಯುವುದರಲ್ಲೇ ಒಂದು ಮೋಸ ಇದೆ. ಯಾರೋ ಬೇಕೆಂದು ಮಾಡಿದ ಮೋಸ ಅಲ್ಲ, ಆ ಅಳತೆಗೋಲೇ ಹಾಗಿದೆ.

2023-24ರಲ್ಲಿ ದೇಶದಲ್ಲಿ ದುಡಿಯುವ ಕೈಗಳಲ್ಲಿ ಸುಮಾರು ಶೇಕಡಾ 46 ಕೃಷಿಯಲ್ಲಿದ್ದವು. ಆದರೆ ದೇಶದ ಉತ್ಪನ್ನದ ಲೆಕ್ಕದಲ್ಲಿ ಕೃಷಿಯ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ಹಾಗಾಗಿ ಹಳ್ಳಿ ಮುಳುಗಿದರೂ ತಕ್ಕಡಿ ಅಷ್ಟಾಗಿ ಅಲುಗುವುದಿಲ್ಲ. ನಮ್ಮ 223 ತಾಲ್ಲೂಕು ಬರದಲ್ಲಿದ್ದ 2023-24ರಲ್ಲಿ ದೇಶದ ಜಿಡಿಪಿ ಶೇಕಡಾ 8.2 ಬೆಳೆದಿದೆ ಎಂದು 2024ರ ಮೇ ಕೊನೆಗೆ ಸರ್ಕಾರ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ ಕೃಷಿ ಬೆಳೆದದ್ದು ಶೇಕಡಾ 1.4. ಪೇಪರಿನ ಮೊದಲ ಪುಟದಲ್ಲಿ ಬಂದದ್ದು ಯಾವ ಸಂಖ್ಯೆ ಎಂದು ಹೇಳಬೇಕಾಗಿಲ್ಲ.

ಇನ್ನೂ ಒಂದಿದೆ. ನೀವು ಸಾಲ ಮಾಡಿ ಬೋರ್ ಕೊರೆಸಿದಿರಿ, ನೀರು ಬೀಳಲಿಲ್ಲ. ನಿಮಗೆ ನಷ್ಟ. ಆದರೆ ರಿಗ್ ಮಾಲೀಕರ ಸಂಪಾದನೆ ಜಿಡಿಪಿಗೆ ಸೇರಿತು. ಟ್ಯಾಂಕರ್ ನೀರು ಕೊಂಡಿರಿ, ಜಿಡಿಪಿ ಏರಿತು. ಬಿಸಿಲಿಗೆ ಬಿದ್ದು ಆಸ್ಪತ್ರೆ ಸೇರಿದಿರಿ, ಆಗಲೂ ಏರಿತು. ಅವ್ವ, ಅಕ್ಕ ಬೆಳಗ್ಗೆ ಎರಡು ತಾಸು ಕೊಡ ಹೊತ್ತು ದೂರದಿಂದ ನೀರು ತಂದರೆ ಮಾತ್ರ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಯಾಕೆಂದರೆ ಅದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ. ನಾವು ಬಡವರಾದ ಹಾಗೆಲ್ಲ ಬೆಳೆಯಬಲ್ಲ ಒಂದು ಸಂಖ್ಯೆಯಿಂದ ನಮ್ಮ ನಷ್ಟ ಅಳೆಯಲು ಹೊರಟರೆ ಸಿಗುವುದು ಇಂಥದೇ ಉತ್ತರ.

ಕೂಲಿಯವರ ಲೆಕ್ಕ ಕೇಳಲೇಬೇಡಿ. ಬಿಸಿಲು ಹೆಚ್ಚಾಗಿ 2030ರ ಹೊತ್ತಿಗೆ ಭಾರತ ತನ್ನ ದುಡಿಮೆಯ ಹೊತ್ತಿನಲ್ಲಿ ಶೇಕಡಾ 5.8 ಕಳೆದುಕೊಳ್ಳಲಿದೆ, ಅದು 3.4 ಕೋಟಿ ಜನರ ಪೂರ್ಣ ಕೆಲಸಕ್ಕೆ ಸಮ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ ಅಂದಾಜು ಮಾಡಿತ್ತು. ಬೆಳೆ ಪರಿಹಾರ ಬರುವುದು ಪಹಣಿ ಇದ್ದವರ ಖಾತೆಗೆ. ಕೋರಿಗೆ ಮಾಡುವವರ ಹೆಸರು ಪಹಣಿಯಲ್ಲಿ ಇಲ್ಲ. ಕಳೆ ತೆಗೆಯುವ ಹೆಣ್ಣುಮಕ್ಕಳ ಹೆಸರು ಎಲ್ಲೂ ಇಲ್ಲ. ಬೆಳೆಯೇ ಇಲ್ಲದ ಮೇಲೆ ಕಳೆ ಎಲ್ಲಿಯದು, ಕೂಲಿ ಎಲ್ಲಿಯದು? ಹೊಲ ಇದ್ದವರಿಗೆ ಹತ್ತು ಪೈಸೆಯಾದರೂ ಸಿಕ್ಕಿತು. ಇವರಿಗೆ ಬೆಳೆ ಪರಿಹಾರದ ಬಾಗಿಲೇ ಇಲ್ಲ.

ನಮ್ಮ ತಪ್ಪು ಇಲ್ಲವೇ?

ಇದೆ. ಅದನ್ನೂ ಹೇಳಬೇಕು. ಬಯಲುಸೀಮೆಗೆ ಬರ ಹೊಸತಲ್ಲ, ನಮ್ಮ ಅಜ್ಜಂದಿರೂ ಕಂಡಿದ್ದರು. 2023 ಎಲ್ ನಿನೊ ವರ್ಷವೂ ಆಗಿತ್ತು, ಒಂದು ವರ್ಷದ ಬರವನ್ನು ಪೂರ್ತಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು. ಅಂತರ್ಜಲ ಬರಿದು ಮಾಡಿದ್ದು ನಾವೇ. ಮಳೆ ಕಡಿಮೆ ಇರುವ ಕಡೆ ಅಡಿಕೆ ಹಾಕಿದವರು ನಾವೇ. ಕೆರೆ ಅಂಗಳ ಒತ್ತಿಕೊಂಡವರೂ ನಮ್ಮೂರಿನವರೇ. ಒಂದು ಮನೆಗೆ ಹೊಂದಾಣಿಕೆ ಆದ ಬೋರ್ ಪಕ್ಕದ ಮನೆಯ ಬೋರಿಗೆ ನಷ್ಟ.

ಆದರೆ ಇದೇ ಕಾರಣಕ್ಕೆ ಲೆಕ್ಕ ಬೇಕು ಅನ್ನುತ್ತೇವೆ. ಒಂದು ಊರಿನಲ್ಲಿ ಹತ್ತು ವರ್ಷದಲ್ಲಿ ಎಷ್ಟು ಬೋರ್ ಕೊರೆಸಿದರು, ಎಷ್ಟು ಬತ್ತಿದವು, ಒಟ್ಟು ಎಷ್ಟು ಸಾಲ ನೆಲದೊಳಗೆ ಹೋಯಿತು ಎಂದು ಒಂದೇ ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ನೋಡಿ. ಅದೇ ದುಡ್ಡಿನಲ್ಲಿ ಕೆರೆ ಹೂಳು ತೆಗೆಸಿ, ಬದು ಹಾಕಿಸಬಹುದಿತ್ತಲ್ಲ ಎಂದು ಮೊದಲು ಅನ್ನುವವರು ಊರಿನವರೇ ಆಗಿರುತ್ತಾರೆ. ಲೆಕ್ಕ ಇಲ್ಲದ ಕಡೆ ಪ್ರತಿ ಮನೆಯೂ ತನ್ನ ಹಣೆಬರಹ ಅಂದುಕೊಂಡು ಸುಮ್ಮನಾಗುತ್ತದೆ.

ಸರ್ಕಾರದ ಬಳಿ ಅಷ್ಟು ದುಡ್ಡು ಎಲ್ಲಿದೆ ಎಂದು ಕೇಳುವವರಿಗೂ ಒಂದು ಮಾತು. ದುಡ್ಡು ಈಗಾಗಲೇ ಖರ್ಚಾಗುತ್ತಿದೆ. ಖರ್ಚು ಮಾಡುತ್ತಿರುವವರು ನಾವು, ಅದೂ ಬಡ್ಡಿಗೆ ತಂದು, ಒಬ್ಬೊಬ್ಬರೇ, ಕುರುಡಾಗಿ. ಇದನ್ನು ಯೋಜನೆ ಮಾಡಿ ಒಟ್ಟಾಗಿ ಖರ್ಚು ಮಾಡೋಣ ಎಂಬುದಷ್ಟೇ ನಮ್ಮ ವಾದ.

ನಾವು ಕೇಳುವುದು ಮೂರು

ಒಂದು, ಗ್ರಾಮ ಪಂಚಾಯಿತಿಗೊಂದು ನಷ್ಟದ ಪುಸ್ತಕ. ನಮ್ಮ ರಾಜ್ಯದಲ್ಲಿ ವಿಪತ್ತು ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಕೂರಿಸಿದ್ದಾರೆ. ಎಷ್ಟು ಮಿಲಿಮೀಟರ್ ಮಳೆ ಬಂತು ಎಂದು ದಿನವೂ ಬೆಂಗಳೂರಿಗೆ ಗೊತ್ತಾಗುತ್ತದೆ. ಆ ಮಳೆ ಬಾರದೆ ಎಷ್ಟು ಮನೆ ಎಷ್ಟು ಕಳೆದುಕೊಂಡಿತು ಎಂಬುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ಬಿತ್ತನೆ, ಬತ್ತಿದ ಬೋರ್, ಕೊಂಡ ಮೇವು, ಮಾರಿದ ಜಾನುವಾರು, ಗುಳೆ ಹೋದವರು, ತಪ್ಪಿದ ಕೂಲಿ ಎಲ್ಲವನ್ನೂ ಹಂಗಾಮು ಮುಗಿದ ಮೇಲೆ ಬರೆದು, ಗ್ರಾಮಸಭೆಯಲ್ಲಿ ಓದಿ, ಒಪ್ಪಿಗೆ ಪಡೆಯಬೇಕು. ಅವನ್ನೆಲ್ಲ ಕೂಡಿಸಿದ್ದೇ ದೇಶದ ಲೆಕ್ಕ ಆಗಬೇಕು.

ಎರಡು, ಪರಿಹಾರದ ದರ ಬಿತ್ತನೆಯ ನಿಜವಾದ ಖರ್ಚಿಗೆ ಹೊಂದಬೇಕು. ಕೋರಿನವರೂ ಕೂಲಿಯವರೂ ಅದರೊಳಗೆ ಬರಬೇಕು. ಗುಂಟೆಗೆ 86 ರೂಪಾಯಿ ಅನ್ನುವುದು ನೆರವಲ್ಲ, ಅವಮಾನ.

ಮೂರು, ವಿಪತ್ತು ಬರುವ ಮೊದಲೇ ಖರ್ಚು ಮಾಡಬೇಕಾದ ದುಡ್ಡಿನ ಲೆಕ್ಕ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತು ನಿಧಿಗೆ 1,60,153 ಕೋಟಿ ರೂಪಾಯಿ ಹೇಳಿತ್ತು. ಅದರಲ್ಲಿ ಶೇಕಡಾ 20 ಮುಂಜಾಗ್ರತೆಯ ಕೆಲಸಕ್ಕೆ. ಆ ಐದರಲ್ಲಿ ಒಂದು ಪಾಲಿನಿಂದ ನಮ್ಮ ತಾಲ್ಲೂಕಿನಲ್ಲಿ ಯಾವ ಕೆರೆ ಆಯಿತು, ಯಾವ ಕಾಲುವೆ ಆಯಿತು? ಇದನ್ನು ಕೇಳಲು ಒಂದು ಮಾಹಿತಿ ಹಕ್ಕು ಅರ್ಜಿ ಸಾಕು.

ಪಂಚಾಯಿತಿ ಪುಸ್ತಕ ತೆರೆಯುವವರೆಗೆ ಕಾಯಬೇಕಿಲ್ಲ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಇರುತ್ತವೆ. ಈ ಹಂಗಾಮಿನಲ್ಲಿ ಮಳೆ ಕೈಕೊಟ್ಟದ್ದಕ್ಕೆ, ಇಲ್ಲವೇ ಅತಿಯಾದದ್ದಕ್ಕೆ ನಿಮ್ಮ ಮನೆಯಿಂದ ಹೋದ ದುಡ್ಡು ಎಷ್ಟು ಎಂದು ಇವತ್ತು ರಾತ್ರಿ ಊಟ ಆದ ಮೇಲೆ ಬರೆಯಿರಿ. ಬಡ್ಡಿಯನ್ನೂ ಬರೆಯಿರಿ. ಹೆಣ್ಣುಮಕ್ಕಳು ನೀರಿಗೆ ನಡೆದ ತಾಸುಗಳನ್ನೂ ಬರೆಯಿರಿ. ಮುಂದಿನ ಗ್ರಾಮಸಭೆಗೆ ಆ ಹಾಳೆ ಹಿಡಿದು ಹೋಗಿ, ಇದನ್ನು ನಡಾವಳಿಯಲ್ಲಿ ಸೇರಿಸಿ ಎಂದು ಪಿಡಿಒ ಅವರಿಗೆ ಹೇಳಿ. ನಮ್ಮ ಊರುಗಳ ಸಭೆಗಳಿಗೆ ನಾವೂ ಅಂಥದೇ ಹಾಳೆ ಹಿಡಿದು ಹೋಗುತ್ತೇವೆ.