ಮೇಲ್ಮನವಿಗೂ ಎಟುಕದ ಶಿಕ್ಷೆ

ಕೆಳಗಿನ ನ್ಯಾಯಾಲಯ ತಪ್ಪಿದರೆ ಮೇಲಿನ ನ್ಯಾಯಾಲಯ ತಿದ್ದುತ್ತದೆಂಬ ನಂಬಿಕೆಯೇ ನ್ಯಾಯವ್ಯವಸ್ಥೆಯ ಅಡಿಗಲ್ಲು. ಆದರೆ ತಪ್ಪು ಕಾನೂನಿನಲ್ಲಿಯೇ ಇದ್ದರೆ? ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಮಾದಕವಸ್ತು ಒಳಸಂಚಿನ ಅಪರಾಧಕ್ಕೆ ಶಿಕ್ಷಿತರಾದವರ ಅನುಭವ ಈ ಪ್ರಶ್ನೆಯನ್ನು ಎತ್ತುತ್ತದೆ.

ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್, 1986ರಲ್ಲಿ ಮಾದಕವಸ್ತುವಿನ ತೂಕಕ್ಕೆ ಅನುಗುಣವಾಗಿ ಕಡ್ಡಾಯ ಕನಿಷ್ಠ ಶಿಕ್ಷೆಯನ್ನು ನಿಗದಿಪಡಿಸಿತು. ಐದು ಕಿಲೋ ಕೊಕೇನ್ ಪುಡಿಗೆ ಕನಿಷ್ಠ 10 ವರ್ಷ ಸೆರೆವಾಸ. 'ಕ್ರ್ಯಾಕ್' ರೂಪದಲ್ಲಿದ್ದರೆ ಅಷ್ಟೇ ಶಿಕ್ಷೆಗೆ 50 ಗ್ರಾಂ ಸಾಕಾಗಿತ್ತು. 1988ರಲ್ಲಿ ಈ ಶಿಕ್ಷೆ ಒಳಸಂಚಿಗೂ ವಿಸ್ತರಿಸಿತು. ಸಂಚುಗಾರರ ನಡುವಿನ ಒಪ್ಪಂದವೊಂದು ಸಾಬೀತಾದರೆ ಸಾಕು, ಅದರಂತೆ ಯಾವುದಾದರೂ ಕೃತ್ಯ ನಡೆಯಿತೆಂದು ತೋರಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ತೀರ್ಪಿತ್ತಿತು.

ಇದರ ಪರಿಣಾಮವನ್ನು ವರ್ಜೀನಿಯಾದ ಕೆಂಬಾ ಸ್ಮಿತ್ ಪ್ರಕರಣದಲ್ಲಿ ಕಾಣಬಹುದು. ಕಾಲೇಜು ವಿದ್ಯಾರ್ಥಿನಿಯಾಗಿದ್ದ ಅವರು, ತಮ್ಮನ್ನು ಹಿಂಸಿಸುತ್ತಿದ್ದ ಪ್ರಿಯಕರನ ಜಾಲದಲ್ಲಿ ಸಿಲುಕಿದರು. ಅವರು ಸ್ವತಃ ಮಾದಕವಸ್ತು ಮಾರಿರಲಿಲ್ಲ. ಆದರೂ ಜಾಲದ 255 ಕಿಲೋ ಕ್ರ್ಯಾಕ್‌ನ ಹೊಣೆ ಅವರ ಮೇಲೂ ಬಿತ್ತು. ಶಿಕ್ಷೆ ಇಪ್ಪತ್ತನಾಲ್ಕೂವರೆ ವರ್ಷ. 2000ದ ಡಿಸೆಂಬರ್‌ನಲ್ಲಿ ಅವರನ್ನು ಸೆರೆಯಿಂದ ಬಿಡಿಸಿದ್ದು ಅಧ್ಯಕ್ಷ ಕ್ಲಿಂಟನ್ ಅವರ ದಯೆಯೇ ಹೊರತು ನ್ಯಾಯಾಲಯವಲ್ಲ.

ಮೇಲ್ಮನವಿ ಏಕೆ ನೆರವಾಗುವುದಿಲ್ಲ? ಸೇವೆಯಲ್ಲಿದ್ದಾಗ ಕಂದಾಯ ಮೇಲ್ಮನವಿಗಳನ್ನು ಆಲಿಸುತ್ತಿದ್ದ ನನಗೆ, ದಾಖಲೆಗಳನ್ನು ಹೊಸದಾಗಿ ಪರಿಶೀಲಿಸುವ, ಬೇಕೆನಿಸಿದರೆ ಮರುವಿಚಾರಣೆಗೆ ಆದೇಶಿಸುವ ಅವಕಾಶವಿತ್ತು. ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಜ್ಯೂರಿಯ ತೀರ್ಮಾನವಿದ್ದರೆ ಸಾಕ್ಷ್ಯವನ್ನು ಸರ್ಕಾರಕ್ಕೆ ಅನುಕೂಲವಾಗುವಂತೆಯೇ ಓದುತ್ತದೆ. ಜ್ಯೂರಿಯವರೆಗೆ ಹೋಗುವವರಾದರೂ ಎಷ್ಟು ಮಂದಿ? ಫೆಡರಲ್ ಅಪರಾಧಿಗಳಲ್ಲಿ ಶೇ 90ಕ್ಕೂ ಹೆಚ್ಚು ಜನ ತಪ್ಪೊಪ್ಪಿಕೊಂಡವರು. ದೀರ್ಘ ಸೆರೆವಾಸದ ಭಯದಲ್ಲಿ ಸಹಿ ಮಾಡುವ ಆ ಒಪ್ಪಂದಗಳಲ್ಲಿ ಅನೇಕ ವೇಳೆ ಮೇಲ್ಮನವಿಯ ಹಕ್ಕನ್ನೂ ಬಿಟ್ಟುಕೊಡಬೇಕಾಗುತ್ತದೆ.

ಶಿಕ್ಷೆ ತಗ್ಗಿಸಿಕೊಳ್ಳುವ ಮುಖ್ಯ ದಾರಿಯೆಂದರೆ ಇತರರ ವಿರುದ್ಧ ಸುಳಿವು ನೀಡುವುದು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮಾಹಿತಿಯೇ ಇಲ್ಲಿ ಚಲಾವಣೆಯ ನಾಣ್ಯ. ಜಾಲದ ಒಡೆಯನ ಬಳಿ ಅದು ಹೇರಳ. ಬಾಗಿಲು ಕಾದವನ ಬಳಿ ಏನೂ ಇಲ್ಲ. ಹೀಗಾಗಿ ಕಿರಿಯ ಅಪರಾಧಿಗೇ ಹಿರಿಯ ಶಿಕ್ಷೆಯಾಗುವ ಸಂಭವವಿದೆ.

ಶಿಕ್ಷಾ ಮಾರ್ಗಸೂಚಿಗಳು ಕೇವಲ ಸಲಹೆ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದಾಗ ನ್ಯಾಯಾಧೀಶರ ಕೈ ಸ್ವಲ್ಪ ಸಡಿಲವಾಯಿತು. ಆದರೆ ಶಾಸನ ವಿಧಿಸಿದ ಕನಿಷ್ಠ ಮಿತಿ ಹಾಗೆಯೇ ಉಳಿಯಿತು. ಪುಡಿ ಮತ್ತು ಕ್ರ್ಯಾಕ್ ನಡುವಿನ 100:1ರ ತಾರತಮ್ಯವನ್ನು 18:1ಕ್ಕೆ ಇಳಿಸಲು 2010ರಲ್ಲಿ ಕಾಂಗ್ರೆಸ್ಸೇ ಮುಂದಾಗಬೇಕಾಯಿತು. ಹಳೆಯ ಕೈದಿಗಳಿಗೂ ಅದರ ಲಾಭ ಮುಟ್ಟಲು 2018ರ ಕಾಯ್ದೆಯೇ ಬರಬೇಕಾಯಿತು.

ಇದು ನಮಗೆ ಪರಕೀಯ ಸಂಗತಿಯಲ್ಲ. ನಮ್ಮ 1985ರ ಮಾದಕವಸ್ತು ಕಾಯ್ದೆಯೂ ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ವಿಧಿಸುತ್ತದೆ. ಅದರ 29ನೇ ಕಲಮು ಸಂಚುಗಾರನಿಗೂ ಅದೇ ಶಿಕ್ಷೆ ಎನ್ನುತ್ತದೆ. ಮಾದಕವಸ್ತು ದಂಧೆಕೋರರಿಗೆ ಕರುಣೆ ತೋರಬೇಕೆಂಬುದು ನನ್ನ ವಾದವಲ್ಲ. ತಕ್ಕಡಿ ವಸ್ತುವಿನ ತೂಕವನ್ನು ಹೇಳಬಲ್ಲದು, ಮನುಷ್ಯನ ತಪ್ಪಿನ ತೂಕವನ್ನಲ್ಲ. ಆ ಎರಡನೆಯ ಕೆಲಸವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡದಿದ್ದರೆ ಮೇಲ್ಮನವಿಯ ಹಕ್ಕು ಕಾಗದದ ಮೇಲಷ್ಟೇ ಉಳಿದೀತು.