ಕಪ್ಪಿನ ಮೇಲೆ ಬಣ್ಣ ಏರುವುದಿಲ್ಲವೇಕೆ?

ಬಿಳಿ ಪಂಚೆಯನ್ನು ನೀಲಿ ಬಣ್ಣದ ನೀರಿನಲ್ಲಿ ಅದ್ದಿದರೆ ನೀಲಿಯಾಗುತ್ತದೆ. ಕರಿ ಕಂಬಳಿಯನ್ನು ಯಾವ ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆದರೂ ಅದು ಕರಿ ಕಂಬಳಿಯೇ. ಕೂದಲಿಗೆ ಬಣ್ಣ ಹಚ್ಚುವವರಿಗೂ ಇದು ಗೊತ್ತು. ಕಪ್ಪು ಕೂದಲು ಹೊಂಬಣ್ಣಕ್ಕೆ ತಿರುಗಬೇಕಾದರೆ ಮೊದಲು ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ಕಪ್ಪನ್ನು ಇಳಿಸಬೇಕು. ಬಣ್ಣ ಆಮೇಲಿನ ಮಾತು. ಛಾಯಾಚಿತ್ರದಲ್ಲಿಯೂ ಕಥೆ ಇದೇ.

‘ಈ ಫೋಟೋದಲ್ಲಿರುವ ಕಪ್ಪು ಸೀರೆಯನ್ನು ಮರೂನ್ ಮಾಡಿಕೊಡಿ’ ಎಂದು ಸ್ಟುಡಿಯೋಗೆ ಬರುವವರಿಗೆ ಇದು ಎರಡು ನಿಮಿಷದ ಕೆಲಸವೆಂದು ತೋರುತ್ತದೆ. ಹಳದಿ ಸೀರೆಯನ್ನು ಹಸಿರು ಮಾಡುವುದು ನಿಜಕ್ಕೂ ಎರಡು ನಿಮಿಷದ ಕೆಲಸವೇ. ಕಪ್ಪಿನದು ಹಾಗಲ್ಲ. ಒಂದೋ ಬಣ್ಣ ಕಾಣಿಸುವುದೇ ಇಲ್ಲ, ಇಲ್ಲವೇ ಬಣ್ಣ ಬರುತ್ತದೆ, ಸೀರೆ ಹೋಗುತ್ತದೆ: ನೆರಿಗೆಯಿಲ್ಲ, ನೇಯ್ಗೆಯಿಲ್ಲ, ಗೋಡೆಗೆ ಬಳಿದ ಡಿಸ್ಟೆಂಪರಿನಂತೆ ಒಂದು ಮರೂನ್ ಪಟ್ಟೆ.

ಹೀಗೇಕೆ? ಕಂಪ್ಯೂಟರಿನ ಪಾಲಿಗೆ ಚಿತ್ರವೆಂದರೆ ಲಕ್ಷಗಟ್ಟಲೆ ಚುಕ್ಕೆಗಳು. ಸಾಮಾನ್ಯ ಚಿತ್ರದಲ್ಲಿ ಪ್ರತಿ ಚುಕ್ಕೆಗೂ ಮೂರು ಸಂಖ್ಯೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಪ್ರತಿಯೊಂದೂ 0ಯಿಂದ 255ರವರೆಗೆ. ಮೂರೂ 0 ಆದರೆ ಕಡುಗಪ್ಪು, ಮೂರೂ 255 ಆದರೆ ಬಿಳಿ. ಕಪ್ಪು ಸೀರೆಯ ನೆರಿಗೆಯ ಏಣಿನಲ್ಲಿ ಮೂರು ಸಂಖ್ಯೆಗಳೂ 25, ನೆರಿಗೆಯ ಒಳಗೆ 12 ಎಂದಿಟ್ಟುಕೊಳ್ಳಿ. ಕಣ್ಣು ‘ಇದು ಬಟ್ಟೆ’ ಎಂದು ಗುರುತಿಸುವುದು ಈ 13ರ ಅಂತರದಿಂದ. ಮೇಲ್ಮೈಯ ನಯ, ಒರಟು, ಮಡಿಕೆ, ಎಳೆ ಇವೆಲ್ಲ ಬಹುಪಾಲು ಬಣ್ಣದಲ್ಲಿಲ್ಲ, ಬೆಳಕಿನ ಏರಿಳಿತದಲ್ಲಿವೆ.

ಇದರ ಮೇಲೆ ಮರೂನ್ ಹಾಕುವ ಮೊದಲ ದಾರಿ ಗುಣಾಕಾರ. ಚಿತ್ರದ ಮೇಲೆ ಬಣ್ಣದ ಜಿಲೆಟಿನ್ ಕಾಗದ ಹೊದಿಸಿದ ಹಾಗೆ. ಮರೂನಿನಲ್ಲಿ ಕೆಂಪು 128, ಉಳಿದೆರಡೂ ಸೊನ್ನೆ ಎಂದರೆ, 25 ಇದ್ದ ಕೆಂಪು 13ಕ್ಕೆ ಇಳಿಯುತ್ತದೆ, 12 ಇದ್ದದ್ದು 6ಕ್ಕೆ. ಹಸಿರು, ನೀಲಿ ಸೊನ್ನೆಯೇ ಆದವು. ಸೀರೆ ಮೊದಲಿಗಿಂತ ಕಪ್ಪಾಯಿತು! ಎರಡನೆಯ ದಾರಿ, ಚಿತ್ರದ ಮೇಲೆ ಬಣ್ಣದ ಬೆಳಕು ಚೆಲ್ಲುವುದು. ಫೋಟೋಶಾಪ್ ಬಲ್ಲವರು ಇದನ್ನು ‘ಸ್ಕ್ರೀನ್’ ಎನ್ನುತ್ತಾರೆ. ಇಲ್ಲಿ ಕೆಂಪು 150 ಚೆಲ್ಲಿದರೆ 25 ಇದ್ದದ್ದು 160ಕ್ಕೆ, 12 ಇದ್ದದ್ದು 155ಕ್ಕೆ ಏರುತ್ತದೆ. ಬಣ್ಣವೇನೋ ಬಂತು. ಆದರೆ 13ರ ಅಂತರ 5ಕ್ಕೆ ಕುಸಿಯಿತು. ಡಿಸ್ಟೆಂಪರಿನ ಗುಟ್ಟು ಇದು.

ಸರಿಯಾದ ದಾರಿ ಕೂದಲಿನವರದೇ. ಮೊದಲು ಸೀರೆಯ ಭಾಗವನ್ನು ಮಾತ್ರ ಬೇರ್ಪಡಿಸಿ, ಅದರಲ್ಲೇನಾದರೂ ಬಣ್ಣದ ಛಾಯೆ ಇದ್ದರೆ ತೆಗೆದು ಬೂದು ಮಾಡಿಕೊಳ್ಳಬೇಕು. ಅನಂತರ ಬೆಳಕನ್ನು ಹಿಗ್ಗಿಸಬೇಕು, ಐದು ಪಟ್ಟು ಎನ್ನಿ. 25 ಇದ್ದದ್ದು 125, 12 ಇದ್ದದ್ದು 60. ಈಗ ಕಪ್ಪು ಸೀರೆ ಬೂದು ಸೀರೆಯಾಯಿತು, ನೆರಿಗೆ ಎದ್ದು ಕಾಣುತ್ತದೆ. ಇದರ ಮೇಲೆ ಅದೇ ಮರೂನನ್ನು ಗುಣಿಸಿದರೆ ಕೆಂಪು 63 ಮತ್ತು 30. ಏಣಿಗೂ ಕಣಿವೆಗೂ ಇದ್ದ ಅನುಪಾತ ಕೆಡಲಿಲ್ಲ ಎಂಬುದನ್ನು ಗಮನಿಸಿ. ನಿಜವಾದ ಮರೂನ್ ಸೀರೆಯ ಮೇಲೂ ಬೆಳಕು ಬೀಳುವುದು ಹೀಗೆ ಗುಣಾಕಾರದಲ್ಲಿಯೇ, ಸಂಕಲನದಲ್ಲಲ್ಲ.

ಇನ್ನೊಂದು ಸೂಕ್ಷ್ಮವಿದೆ, ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. ಪಾಲಿಶ್ ಮಾಡಿದ ಕಪ್ಪು ಬೂಟನ್ನೋ ಕಪ್ಪು ಕಾರನ್ನೋ ನೋಡಿ. ಅದರ ಮೇಲಿನ ಹೊಳಪು ಕಪ್ಪಲ್ಲ, ಬಿಳಿ. ಬೆಳಕಿನ ಒಂದು ಪಾಲು ಬಣ್ಣದ ಪದರದೊಳಗೆ ಹೊಕ್ಕು ಅದರ ಬಣ್ಣವನ್ನು ಹೊತ್ತು ಹೊರಬರುತ್ತದೆ. ಇನ್ನೊಂದು ಪಾಲು ಮೇಲಿನಿಂದಲೇ ಪುಟಿದು ದೀಪದ ಬಣ್ಣದಲ್ಲಿಯೇ ಹಿಂದಿರುಗುತ್ತದೆ. ಈ ಎರಡು ಪಾಲನ್ನು ಚಿತ್ರದಲ್ಲಿ ಬೇರ್ಪಡಿಸುವ ಗಣಿತವನ್ನು ಸ್ಟೀವನ್ ಶೇಫರ್ 1985ರಲ್ಲಿ ಪ್ರಕಟಿಸಿದರು. ಕಪ್ಪು ಕಾರನ್ನು ಕೆಂಪು ಮಾಡುವಾಗ ಹೊಳಪನ್ನೂ ಕೆಂಪು ಮಾಡಿಬಿಟ್ಟರೆ ಅದು ಜಾತ್ರೆಯ ಪ್ಲಾಸ್ಟಿಕ್ ಕಾರಾಗುತ್ತದೆ. ಹೊಳಪನ್ನು ಮುಟ್ಟದೆ ಬಿಡಬೇಕು. ಜರಿ ಇದಕ್ಕೆ ಅಪವಾದ. ಚಿನ್ನ, ತಾಮ್ರದಂಥ ಲೋಹಗಳ ಹೊಳಪಿಗೇ ಬಣ್ಣವಿದೆ.

ಹಿಗ್ಗಿಸುವುದಕ್ಕೂ ಮಿತಿಯುಂಟು. ಬೆಳಕನ್ನು ಐದು ಪಟ್ಟು ಮಾಡಿದರೆ ಕತ್ತಲಲ್ಲಿ ಅಡಗಿದ್ದ ಕ್ಯಾಮೆರಾದ ಗದ್ದಲವೂ, ಅಂದರೆ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳೂ, ಐದು ಪಟ್ಟಾಗುತ್ತವೆ. ಜೆಪೆಗ್ ಕಡತವಾದರೆ ಮತ್ತೂ ಕಷ್ಟ. ಅದು ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಕಾಣದೆಂದು ತೋರಿದ ಸಣ್ಣ ವ್ಯತ್ಯಾಸಗಳನ್ನು ಎಸೆದಿರುತ್ತದೆ. ಹಿಗ್ಗಿಸಿದಾಗ ನೇಯ್ಗೆಯ ಬದಲು ಆ ಚೌಕಗಳೇ ಮೇಲೇಳುತ್ತವೆ. 12 ಅಥವಾ 14 ಬಿಟ್‌ಗಳ ‘ರಾ’ ಕಡತದಲ್ಲಿ 255ರ ಬದಲು ನಾಲ್ಕು ಸಾವಿರ, ಹದಿನಾರು ಸಾವಿರ ಮೆಟ್ಟಿಲುಗಳಿರುವುದರಿಂದ ಕತ್ತಲಿಗೂ ಒಂದಷ್ಟು ಮೆಟ್ಟಿಲು ದಕ್ಕುತ್ತವೆ. ಆದರೆ ಸೊನ್ನೆ ದಾಖಲಾದ ಕಡೆ ಯಾವ ಉಪಾಯವೂ ಇಲ್ಲ. ಸೊನ್ನೆಯ ಐದು ಪಟ್ಟು ಸೊನ್ನೆಯೇ, ಮೂರನೇ ತರಗತಿಯ ಮಗ್ಗಿ.

ಕಂಪ್ಯೂಟರ್ ಬರುವ ಮೊದಲು ಕೈಯಿಂದ ಫೋಟೋಗಳಿಗೆ ಬಣ್ಣ ತುಂಬುತ್ತಿದ್ದವರಿಗೆ ಈ ಲೆಕ್ಕ ಅನುಭವದಿಂದಲೇ ಸಿದ್ಧಿಸಿತ್ತು. ಪಾರದರ್ಶಕ ಬಣ್ಣ ಗಾಢ ನೆರಳಿನ ಮೇಲೆ ಕಾಣುವುದಿಲ್ಲವೆಂದು ಅವರು ತಿಳಿಯಾಗಿ ಮುದ್ರಿಸಿದ ಪ್ರತಿಯನ್ನು ಆರಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಅದನ್ನು ಸೆಪಿಯಾ ಮಾಡಿಕೊಳ್ಳುತ್ತಿದ್ದರು: ಚಿತ್ರದ ಕಪ್ಪು ಬೆಳ್ಳಿಯನ್ನು ರಾಸಾಯನಿಕದಿಂದ ಬಿಳಿಚಿಸಿ, ಕಂದು ಬಣ್ಣದ ಸಿಲ್ವರ್ ಸಲ್ಫೈಡ್ ಆಗಿಸುವುದು. ಕಂದಿನ ಮೇಲೆ ಬಣ್ಣ ಒಪ್ಪವಾಗಿ ಕೂರುತ್ತದೆ. ಅದೂ ಆಗದಿದ್ದರೆ ದಪ್ಪ ಬಣ್ಣ ಬಳಿದು ಮೇಲೆ ಹೊಸ ನೆರಿಗೆ ಬರೆದುಬಿಡುತ್ತಿದ್ದರು. ಆಗ ಅದು ಫೋಟೋ ಅಲ್ಲ, ವರ್ಣಚಿತ್ರ. ಆದರೆ ಹಾಗೆಂದು ನೋಡಿದೊಡನೆ ತಿಳಿಯುತ್ತಿತ್ತು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ವರ್ಣದಲ್ಲಿ ಮರಳಿ ಬಂದಾಗಲೂ ಬೆಳಕು ಹಳೆಯ ಫಿಲಂನದು, ಬಣ್ಣ ಮಾತ್ರ ಹೊಸಬರ ಆಯ್ಕೆ.

ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಆ ದಪ್ಪ ಬಣ್ಣದವರ ಕೆಲಸವನ್ನು ಗುರುತು ಸಿಗದಂತೆ ಮಾಡುತ್ತವೆ. ಸೊನ್ನೆಯಿದ್ದಲ್ಲಿ, ಬೇರೆ ಸಾವಿರಾರು ಸೀರೆಗಳನ್ನು ಕಂಡ ಬಲದಿಂದ, ಇಂಥ ಎಳೆ ಇದ್ದಿರಬಹುದೆಂದು ಊಹಿಸಿ ನೇಯ್ದುಬಿಡುತ್ತವೆ. ಗೋಡೆಯ ಮೇಲೆ ತೂಗುಹಾಕುವ ಚಿತ್ರಕ್ಕೆ ಇದರಿಂದ ನಷ್ಟವೇನಿಲ್ಲ. ಅಜ್ಜಿಯ ಸೀರೆಯ ಅಂಚು ಯಾವ ಊರಿನ ನೇಯ್ಗೆ ಎಂದು ಆ ಚಿತ್ರದಲ್ಲಿ ಹುಡುಕ ಹೊರಟವರಿಗೆ, ಅಥವಾ ಮೊಬೈಲಿನಲ್ಲಿ ಬಟ್ಟೆ ನೋಡಿ ಹಣ ಕಟ್ಟುವವರಿಗೆ ಖಂಡಿತ ಇದೆ. ಅವರು ನೋಡುತ್ತಿರುವುದು ಯಾವ ಮಗ್ಗದಿಂದಲೂ ಇಳಿಯದ ಬಟ್ಟೆ.

ಒಂದೇ ಸೀರೆಯನ್ನು ಎಂಟು ಬಣ್ಣದಲ್ಲಿ ತೋರಿಸಬೇಕಾದ ಅಂಗಡಿಯವರು ಕಪ್ಪಿನದನ್ನು ತೆಗೆದು ಉಳಿದ ಏಳಕ್ಕೆ ತಿರುಗಿಸುವ ಸಾಹಸಕ್ಕೆ ಹೋಗದಿರುವುದು ಲೇಸು. ತಿಳಿ ಬಣ್ಣದ್ದನ್ನು ತೆಗೆದರೆ ಗಾಢ ಬಣ್ಣಕ್ಕೆ ಇಳಿಸುವುದು ಸುಲಭ. ಕಪ್ಪು ಬಟ್ಟೆಯೊಂದೇ ಇದ್ದರೆ ಕಿಟಕಿಯ ಪಕ್ಕ ಹರಡಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಬಟ್ಟೆ ಬೂದುಬಣ್ಣವಾಗಿ ಕಾಣುವಷ್ಟು ಹೆಚ್ಚು ಬೆಳಕು ಕೊಟ್ಟು ಚಿತ್ರ ತೆಗೆಯಬೇಕು. ಹೊಳೆಯುವ ಭಾಗಗಳು ಮಾತ್ರ 255 ಮುಟ್ಟಿ ಬಿಳುಚಿ ಹೋಗದಂತೆ ನೋಡಿಕೊಂಡರಾಯಿತು. ಅಲ್ಲಿಯೂ ಎಳೆ ಸಿಗುವುದಿಲ್ಲ.