ಸಕ್ಕರೆಯ ಲೆಕ್ಕದಲ್ಲಿ ರಕ್ತದ ಪಾಲು

ಪ್ರಯೋಗಾಲಯದಿಂದ ಬಂದ ಹಾಳೆಯ ಮೇಲೆ ‘ಎಚ್‌ಬಿಎ1ಸಿ’ ಎಂಬ ಸಾಲಿನ ಎದುರಿಗೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಒಂದು ದಶಮಾಂಶ ಸಂಖ್ಯೆಗೆ ಇಂದು ನಮ್ಮ ಮನೆಗಳಲ್ಲಿ ಪ್ರಾಪ್ತವಾಗಿರುವ ಅಧಿಕಾರ ಸಾಮಾನ್ಯವಾದುದಲ್ಲ. ಕಳೆದ ಸಲ 7.1 ಇದ್ದುದು ಈ ಸಲ 7.9 ಆಯಿತೆಂದರೆ, ಮಧುಮೇಹಿಯಾದ ಹಿರಿಯರು ಹೊರಗಿನಿಂದ ಬಂದು ಚಪ್ಪಲಿ ಬಿಡುವುದರೊಳಗಾಗಿ ವಿಚಾರಣೆ ಆರಂಭವಾಗುತ್ತದೆ: ತಂಗಿಯ ಮಗನ ಮದುವೆಯಲ್ಲಿ ಎಷ್ಟು ಹೋಳಿಗೆ ಇಳಿಯಿತು, ಬೆಳಗಿನ ವಾಕಿಂಗು ಎಷ್ಟು ದಿನ ತಪ್ಪಿತು, ರಾತ್ರಿಯ ಮಾತ್ರೆಯನ್ನು ನಿಜವಾಗಿ ನುಂಗಿದ್ದುಂಟೋ ಇಲ್ಲವೋ? ಪಥ್ಯವನ್ನು ನಿಷ್ಠೆಯಿಂದ ಪಾಲಿಸಿದವರೂ ಈ ಸಂಖ್ಯೆಯ ಮುಂದೆ ತಪ್ಪಿತಸ್ಥರಾಗಿ ತಲೆತಗ್ಗಿಸುವುದನ್ನು ನಾನು ಕಂಡಿದ್ದೇನೆ. ಅಂಥವರ ಪಕ್ಷ ವಹಿಸಿ ಎರಡು ಮಾತು ಹೇಳಬೇಕೆನಿಸುತ್ತದೆ. ಏಕೆಂದರೆ ಆ ಸಂಖ್ಯೆಯಲ್ಲಿ ಸಕ್ಕರೆಯ ಪಾಲಿರುವಂತೆಯೇ ಸಕ್ಕರೆಯನ್ನು ಹೊತ್ತ ರಕ್ತದ ಪಾಲೂ ಉಂಟು, ಮತ್ತು ನಮ್ಮ ದೇಶದಲ್ಲಿ ಈ ಎರಡನೆಯ ಪಾಲನ್ನು ಕೇಳುವವರು ವಿರಳ.

ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಗ್ಲೂಕೋಸು ಯಾವ ಕಿಣ್ವದ ನೆರವೂ ಇಲ್ಲದೆ ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಹಿಮೋಗ್ಲೋಬಿನ್ ಒಟ್ಟಿನಲ್ಲಿ ಶೇಕಡಾ ಎಷ್ಟು ಎಂಬುದೇ ನಾವು ‘ಮೂರು ತಿಂಗಳ ಸಕ್ಕರೆ’ ಎಂದು ಕರೆಯುವ ಅಳತೆ. ಕಣದ ಆಯುಸ್ಸು ಸುಮಾರು 120 ದಿನವಾದುದರಿಂದ ಈ ಅಳತೆಗೆ ಎರಡು ಮೂರು ತಿಂಗಳ ನೆನಪು ಇರುತ್ತದೆ. 1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ವಿಲಕ್ಷಣ ಹಿಮೋಗ್ಲೋಬಿನ್‌ಗಳನ್ನು ಅರಸುತ್ತಿದ್ದಾಗ ಮಧುಮೇಹಿಗಳ ರಕ್ತದಲ್ಲಿ ಈ ವಿಶೇಷವನ್ನು ಗುರುತಿಸಿದರು. ಅಮೆರಿಕ ಮತ್ತು ಕೆನಡಾಗಳಲ್ಲಿ 1441 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ಪ್ರಕಟವಾದ ಅಧ್ಯಯನವು, ಈ ಸಂಖ್ಯೆಯನ್ನು ತಗ್ಗಿಸಿದವರ ಕಣ್ಣು, ಮೂತ್ರಪಿಂಡ, ನರಗಳು ಹೆಚ್ಚು ಕ್ಷೇಮವಾಗಿ ಉಳಿದುವೆಂದು ನಿಸ್ಸಂದೇಹವಾಗಿ ತೋರಿಸಿಕೊಟ್ಟ ಮೇಲೆ ಅದರ ಪ್ರತಿಷ್ಠೆ ಸ್ಥಿರವಾಯಿತು. ಆ ಪ್ರತಿಷ್ಠೆ ನ್ಯಾಯವಾದದ್ದೇ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ.

ಆದರೆ ನೆಲ್ಲಿಕಾಯಿಯನ್ನು ಪಾಕದಲ್ಲಿ ಹಾಕಿಟ್ಟ ಯಾವ ಗೃಹಿಣಿಗೂ ಗೊತ್ತಿರುವ ಒಂದು ಸಂಗತಿಯನ್ನು ನಾವಿಲ್ಲಿ ಮರೆಯುತ್ತೇವೆ: ಕಾಯಿ ಎಷ್ಟು ಸಿಹಿಯಾಯಿತೆಂಬುದು ಪಾಕ ಎಷ್ಟು ಗಟ್ಟಿ ಎಂಬುದನ್ನು ಅವಲಂಬಿಸಿರುವಷ್ಟೇ, ಕಾಯಿ ಅದರಲ್ಲಿ ಎಷ್ಟು ದಿನ ಮುಳುಗಿತ್ತೆಂಬುದನ್ನೂ ಅವಲಂಬಿಸಿರುತ್ತದೆ. ರಕ್ತದಲ್ಲಿ ಮುದಿ ಕಣಗಳ ಸಂಖ್ಯೆ ಹೆಚ್ಚಿದರೆ, ಸಕ್ಕರೆ ಒಂದಿಷ್ಟೂ ಏರದೆಯೇ ವರದಿಯ ಸಂಖ್ಯೆ ಏರುತ್ತದೆ. ಎಳೆಯ ಕಣಗಳು ತುಂಬಿದರೆ, ಸಕ್ಕರೆ ಇಳಿಯದೆಯೇ ಸಂಖ್ಯೆ ಇಳಿಯುತ್ತದೆ.

ನನಗೆ ಪರಿಚಿತರಾದ ಒಬ್ಬ ಮಹಿಳೆ, ವಯಸ್ಸು ಐವತ್ತು ದಾಟಿದವರು, ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗ್ಲೂಕೋಮೀಟರಿನ ಅಂಕೆಗಳನ್ನು ದಿನಾಂಕ ಸಹಿತ ಬರೆದಿಡುವಷ್ಟು ಶಿಸ್ತಿನವರು. ಖಾಲಿ ಹೊಟ್ಟೆಯಲ್ಲಿ 115, 122, 118. ಊಟವಾದ ಎರಡು ಗಂಟೆಗೆ 160ರ ಆಸುಪಾಸು. ಆದರೂ ಮೂರು ತಿಂಗಳ ಸಂಖ್ಯೆ ಏಳರ ಆಚೆಯಿಂದ ಎಂಟರ ಹೊಸ್ತಿಲಿಗೆ ಬಂದು ನಿಂತಿತು. ಎಂಟು ಎಂದರೆ ಹಗಲಿರುಳಿನ ಸರಾಸರಿ ಸುಮಾರು 183 ಇರಬೇಕು; ಆಕೆಯ ಪಟ್ಟಿಯಲ್ಲಿ ಅಷ್ಟು ಎತ್ತರದ ಅಂಕೆಯೇ ಅಪರೂಪ. ಮಾತ್ರೆಯ ಪ್ರಮಾಣವನ್ನು ಏರಿಸಲಾಯಿತು. ಏರಿಸಿದ ಮೇಲೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕೈನಡುಕ, ಬೆವರು, ಕಣ್ಣು ಕತ್ತಲೆ. ಕಡೆಗೆ ಬೇರೊಬ್ಬ ವೈದ್ಯರು ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಸಕ್ಕರೆಯ ವಿಷಯವನ್ನು ಬದಿಗಿಟ್ಟು, ಮುಟ್ಟು ನಿಲ್ಲುವ ಮುನ್ನ ಅತಿಸ್ರಾವವೇನಾದರೂ ಇದ್ದಿತೇ ಎಂದು ಕೇಳಿದರು. ಇದ್ದಿತು, ಎರಡು ವರ್ಷ, ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಹಿಮೋಗ್ಲೋಬಿನ್ 8.6. ಕಬ್ಬಿಣದ ಮಾತ್ರೆಗಳು ಕೆಲವು ತಿಂಗಳು ನಡೆದ ಬಳಿಕ, ಊಟದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಏರಿಸಿದ್ದ ಮಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡ ಮೇಲೂ, ಸಂಖ್ಯೆ ಏಳರ ಹತ್ತಿರಕ್ಕೆ ಮರಳಿತು.

ಕಬ್ಬಿಣದ ಅಭಾವದಲ್ಲಿ ಹೊಸ ಕಣಗಳ ಹುಟ್ಟು ಮಂದವಾಗಿ ಇರುವ ಕಣಗಳ ಸರಾಸರಿ ವಯಸ್ಸು ಹೆಚ್ಚುತ್ತದೆಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ವಿವರಣೆ. ಬಿ12 ಜೀವಸತ್ವದ ಅಭಾವದಲ್ಲಿಯೂ ಹೀಗಾಗುವುದುಂಟು; ಮತ್ತು ಮಧುಮೇಹಕ್ಕೆ ಮೊಟ್ಟಮೊದಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೇ ದೀರ್ಘಕಾಲದ ಬಳಕೆಯಿಂದ ಬಿ12ನ್ನು ಕುಗ್ಗಿಸಬಲ್ಲುದೆಂಬುದನ್ನು ನೆನೆದರೆ, ಸಸ್ಯಾಹಾರಿಗಳಾದ ನಮ್ಮ ಅನೇಕ ವೃದ್ಧರ ವರದಿಗಳನ್ನು ಇನ್ನೊಮ್ಮೆ ಓದಬೇಕೆನಿಸುತ್ತದೆ.

ಏರಿದ ಸಂಖ್ಯೆ ಕಡೆಗೆ ಪ್ರಶ್ನೆಯನ್ನಾದರೂ ಎಬ್ಬಿಸುತ್ತದೆ. ಇಳಿದ ಸಂಖ್ಯೆಗೆ ಸಿಗುವುದು ಅಭಿನಂದನೆ ಮಾತ್ರ, ಅಪಾಯವಿರುವುದೂ ಅಲ್ಲಿಯೇ. ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಅಪಘಾತದಲ್ಲಿಯೋ ಶಸ್ತ್ರಚಿಕಿತ್ಸೆಯಲ್ಲಿಯೋ ಬಹಳ ರಕ್ತ ಕಳೆದುಕೊಂಡು ಚೇತರಿಸಿಕೊಳ್ಳುತ್ತಿರುವವರಲ್ಲಿ, ಡಯಾಲಿಸಿಸ್ ಜೊತೆಗೆ ರಕ್ತವೃದ್ಧಿಯ ಚುಚ್ಚುಮದ್ದು ಪಡೆಯುವವರಲ್ಲಿ, ಗರ್ಭಿಣಿಯರಲ್ಲಿ, ಕೆಂಪುಕಣಗಳು ಅಕಾಲದಲ್ಲಿ ಒಡೆಯುವ ಕಾಯಿಲೆಯವರಲ್ಲಿ, ಹಾಳೆಯ ಮೇಲಿನ 6.2 ಎಂಬುದು ದೇಹದೊಳಗಿನ ಎಂಟನ್ನು ಮುಚ್ಚಿಟ್ಟಿರಬಹುದು. ಇನ್ನು, ಇಳಿಕೆ ಸತ್ಯವೇ ಆಗಿದ್ದರೂ ಶುಭವೆನ್ನಲಾಗದು: ಮೂತ್ರಪಿಂಡ ಸೋಲುತ್ತ ಬಂದವರಲ್ಲಿ ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳು ದೇಹದಿಂದ ಹೊರಹೋಗಲು ತಡವಾಗಿ, ಹಳೆಯ ಪ್ರಮಾಣವೇ ಅತಿಯಾಗಿ, ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. “ಈಗ ಶುಗರ್ ಎಷ್ಟು ಕಂಟ್ರೋಲಿಗೆ ಬಂದಿದೆ ನೋಡಿ” ಎಂದು ಸಂತೋಷಪಡುವ ಮನೆಯವರು ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು ಲೇಸು.

ಹುಟ್ಟಿನಿಂದಲೇ ಬರುವ ಹಿಮೋಗ್ಲೋಬಿನ್ ಭೇದಗಳೂ ಇವೆ. ಭಾರತೀಯರಲ್ಲಿ ಶೇಕಡಾ 3ರಿಂದ 4ರಷ್ಟು ಮಂದಿ ಥಲಸ್ಸೀಮಿಯಾದ ವಾಹಕರು, ಬಹುತೇಕರಿಗೆ ಅದು ತಿಳಿಯದು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣದ ಕಾಯಿಲೆ ಇದೆ. ಇಂಥವರ ರಕ್ತದಲ್ಲಿ ಕೆಲವು ಯಂತ್ರಗಳ ಲೆಕ್ಕ ತಪ್ಪುತ್ತದೆ. ಯಂತ್ರದಿಂದ ಯಂತ್ರಕ್ಕೆ, ವಿಧಾನದಿಂದ ವಿಧಾನಕ್ಕೆ ಅಲ್ಪ ವ್ಯತ್ಯಾಸ ಸಹಜವಾದುದರಿಂದ, ಬೇರೆ ಬೇರೆ ಪ್ರಯೋಗಾಲಯಗಳಿಂದ ಬಂದ 7.0 ಮತ್ತು 7.2 ಒಂದೇ ಸಂಖ್ಯೆಯೆಂದು ಭಾವಿಸಿದರೂ ತಪ್ಪಾಗದು. ಅರ್ಧ ಅಂಕದಷ್ಟು ಅಂತರ ಬಂದಾಗ ಯೋಚಿಸತಕ್ಕದ್ದು.

ಇಷ್ಟನ್ನು ಓದಿ, ತಮ್ಮ ಏರಿಕೆಗೆಲ್ಲ ರಕ್ತವೇ ಕಾರಣವೆಂದು ನಿಶ್ಚಿಂತರಾಗುವ ವಾಚಕರೂ ಇರಬಹುದು. ಅವರಿಗೆ ನಾನು ಸಹಾಯಕನಲ್ಲ. ಬೆಳಗಿನ ಒಂದು ಅಂಕೆ ಚೆನ್ನಾಗಿದೆಯೆಂದ ಮಾತ್ರಕ್ಕೆ ಮಧ್ಯಾಹ್ನದ ಅನ್ನದ ನಂತರದ ಅಂಕೆ ಚೆನ್ನಾಗಿರಬೇಕಿಲ್ಲ. ಹೊಂದಿಕೆಯಾಗದ ವರದಿಗಳಲ್ಲಿ ಮೊದಲು ಸಂಶಯಿಸಬೇಕಾದುದು ಊಟವಾದ ಎರಡು ಗಂಟೆಯ ಸಕ್ಕರೆಯನ್ನೇ. ಮಂಡಿನೋವಿಗೋ ಉಬ್ಬಸಕ್ಕೋ ತೆಗೆದುಕೊಂಡ ಸ್ಟೀರಾಯ್ಡ್, ವಾಸಿಯಾಗದ ಸೋಂಕು, ಬಿಸಿಲಿನಲ್ಲಿ ಕೆಟ್ಟ ಇನ್ಸುಲಿನ್, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟುಕಟ್ಟಿದ ಹೊಟ್ಟೆಯ ಚರ್ಮ, ಇವೆಲ್ಲ ಸಕ್ಕರೆಯನ್ನು ನಿಜವಾಗಿಯೇ ಏರಿಸುತ್ತವೆ. ವಯಸ್ಸಾದವರಲ್ಲಿ ಏಕಾಏಕಿ ಸಕ್ಕರೆ ಏರಿ, ಅದರೊಡನೆ ತೂಕವೂ ಇಳಿಯುತ್ತಿದ್ದರೆ ಮೇದೋಜೀರಕ ಗ್ರಂಥಿಯನ್ನು ಪರೀಕ್ಷಿಸಬೇಕಾಗಬಹುದು, ಅದನ್ನು ಮುಂದೂಡುವಂತಿಲ್ಲ. ವೈದ್ಯರನ್ನು ಕೇಳದೆ ಔಷಧವನ್ನು ತಾವೇ ಕಡಿಮೆ ಮಾಡುವುದಂತೂ ಸಲ್ಲದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಈ ಎರಡು ಸಮೂಹಗಳು ಒಂದನ್ನೊಂದು ಸಂಧಿಸುವುದೇ ಇಲ್ಲವೆಂಬಂತೆ ನಮ್ಮ ವ್ಯವಸ್ಥೆ ನಡೆಯುತ್ತಿದೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆ ಮಕ್ಕಳನ್ನು, ಗರ್ಭಿಣಿಯರನ್ನು, ಬಾಣಂತಿಯರನ್ನು, ಐವತ್ತರೊಳಗಿನ ಹೆಂಗಸರನ್ನು ನೋಡಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಬಲಿಯುವ ವಯಸ್ಸಿಗೆ ಬಂದ ಹೆಂಗಸು ಆ ಪಟ್ಟಿಯಿಂದ ಹೊರಬೀಳುತ್ತಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಧುಮೇಹಿಗಳ ವಿವರ ಬರೆದಿಡುವ ಪುಸ್ತಕದಲ್ಲಿ ಹಿಮೋಗ್ಲೋಬಿನ್ನಿಗೆಂದು ಇನ್ನೊಂದು ಕಾಲಂ ಎಳೆಯಲು ಹೊಸ ಆಜ್ಞೆಯೂ ಹೊಸ ಅನುದಾನವೂ ಬೇಕಾಗಲಾರದು. ಖಾಸಗಿ ಪ್ರಯೋಗಾಲಯಗಳು ಮಾರುವ ಪ್ಯಾಕೇಜುಗಳಲ್ಲಿ ರಕ್ತದ ಪೂರ್ಣ ಎಣಿಕೆ ಹೇಗೂ ಸೇರಿರುತ್ತದೆ. ಆದರೆ ಅದು ಅಚ್ಚಾಗುವುದು ಮೊದಲನೆಯ ಪುಟದಲ್ಲಿ, ಮೂರು ತಿಂಗಳ ಸಕ್ಕರೆ ಮೂರನೆಯದರಲ್ಲಿ, ರೋಗಿ ವೈದ್ಯರ ಮೇಜಿನ ಮೇಲೆ ಮಡಿಸಿ ಇಡುವುದು ಮೂರನೆಯದನ್ನು ಮಾತ್ರ.